ಮನೆಯ ಸುತ್ತಲಿನ ಹುಲ್ಲಿಗೆ ನೇರ ಶಾಫ್ಟಿನ ಯಂತ್ರವೋ, ಬಾಗಿದ ಶಾಫ್ಟಿನದೋ?

ಪ್ರಶ್ನೆ: ಹಿತ್ತಿಲ ಹಸಿರು (ಪುತ್ತೂರು)

ಎಲ್ಲರಿಗೂ ನಮಸ್ಕಾರ. ಪುತ್ತೂರಿನಿಂದ ಸ್ವಲ್ಪ ಒಳಗೆ 35 ಸೆಂಟ್ಸ್ ಜಾಗದಲ್ಲಿ ನಮ್ಮ ಮನೆಯಿದೆ. ಎದುರಿಗೆ ಇಂಟರ್‌ಲಾಕ್ ಹಾಕಿದ ಅಂಗಳ, ಅದರ ಅಂಚಿಗೆ ಹೂವಿನ ಗಿಡಗಳ ಸಾಲು. ಹಿಂದೆ ತೆಂಗು, ಬಾಳೆ, ಒಂದಷ್ಟು ಅಡಿಕೆ ಮರಗಳು ಮತ್ತು ಅವಕ್ಕೆ ಹಬ್ಬಿಸಿದ ಕರಿಮೆಣಸು. ಒಂದು ಬದಿಗೆ ಚಿರೆಕಲ್ಲಿನ ಕಾಂಪೌಂಡು, ಇನ್ನೊಂದು ಬದಿಗೆ ಆಳೆತ್ತರದ ಬರೆ (ಕಡಿದಾದ ಮಣ್ಣಿನ ದಿಣ್ಣೆ). ಮಳೆ ಹಿಡಿದ ಮೇಲೆ ಇಂಥ ಜಾಗದಲ್ಲಿ ಹುಲ್ಲು ಎಷ್ಟು ಬೇಗ ಏರುತ್ತದೆ ಎಂಬುದು ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ಸಂಗತಿ. ಕತ್ತಿ ಹಿಡಿದು ಹುಲ್ಲು ಹೆರೆಯುವವರು ಈಗ ಸಿಗುವುದಿಲ್ಲ. ಯಂತ್ರ ತಂದು ಗಂಟೆಯ ಲೆಕ್ಕದಲ್ಲಿ ಕೆಲಸ ಮಾಡಿಕೊಡುವವರು ದೊಡ್ಡ ತೋಟಗಳನ್ನು ಮುಗಿಸಿ ನಮ್ಮಂಥವರ ಮನೆಗೆ ಬರುವಷ್ಟರಲ್ಲಿ ಹುಲ್ಲು ಬೀಜ ಕಟ್ಟಿ ಉದುರಿಸಿರುತ್ತದೆ. ಆದ್ದರಿಂದ ಸ್ವಂತಕ್ಕೆ ಹುಲ್ಲು ಕತ್ತರಿಸುವ ಒಂದು ಯಂತ್ರ ಕೊಳ್ಳುವುದೆಂದು ಮನೆಯಲ್ಲಿ ತೀರ್ಮಾನಿಸಿದ್ದೇವೆ.

ಅಂಗಡಿಯಲ್ಲಿ ಎರಡು ಬಗೆ ತೋರಿಸಿದರು. ಒಂದರ ಕೊಳವೆ (ಶಾಫ್ಟ್) ತುದಿಯ ಹತ್ತಿರ ಬಾಗಿ ಕೆಳಗಿಳಿಯುತ್ತದೆ. ಅದು ಹಗುರ, ಗಿಡ್ಡ, ಬೆಲೆಯೂ ಕಡಿಮೆ, ನೈಲಾನ್ ದಾರದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಇನ್ನೊಂದರ ಕೊಳವೆ ಎಂಜಿನಿನಿಂದ ತುದಿಯವರೆಗೆ ನೇರ. ಅದು ಉದ್ದ, ತೂಕ ಹೆಚ್ಚು, ಅದಕ್ಕೆ ದಾರವನ್ನೂ ಬ್ಲೇಡನ್ನೂ ಹಾಕಬಹುದು ಎಂದರು. ಮಾರುವವರು ‘ಮನೆಗಾದರೆ ಬಾಗಿದ್ದು ಸಾಕು’ ಎಂದರೆ, ನೆರೆಮನೆಯವರು ‘ಅದು ಆಟಿಕೆ, ನೇರದ್ದನ್ನೇ ಕೊಳ್ಳಿ’ ಎನ್ನುತ್ತಾರೆ. ಇಬ್ಬರೂ ಕಾರಣ ಹೇಳಲಿಲ್ಲ. ಯಂತ್ರವನ್ನು ನಾನೂ ನನ್ನ ಪತ್ನಿಯೂ ಬಳಸುವವರು. ಅವರ ಎತ್ತರ ಐದು ಅಡಿ. ಈ ಎರಡರ ನಡುವಿನ ನಿಜವಾದ ವ್ಯತ್ಯಾಸವೇನು, ನಮ್ಮಂಥ ಮನೆಗೆ ಯಾವುದು ಹೊಂದುತ್ತದೆ ಎಂಬುದನ್ನು ಬಳಸಿ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ತೋಟದ ದಾರಿ (ಸುಳ್ಯ)

ನಮಸ್ಕಾರ. ಕೊಳವೆಯ ಆಕಾರಕ್ಕಿಂತ ಮೊದಲು ಅದರೊಳಗೆ ಏನಿದೆ ಎಂಬುದನ್ನು ತಿಳಿದುಕೊಂಡರೆ ಉಳಿದ ಪ್ರಶ್ನೆಗಳೆಲ್ಲ ತಾವಾಗಿ ಬಿಡಿಸಿಕೊಳ್ಳುತ್ತವೆ. ಬಾಗಿದ ಕೊಳವೆಯೊಳಗೆ ಗಟ್ಟಿಯಾದ ಸರಳು ತಿರುಗಲು ಸಾಧ್ಯವಿಲ್ಲವಾದ್ದರಿಂದ ಅಲ್ಲಿ ಉಕ್ಕಿನ ಎಳೆಗಳನ್ನು ಹೊಸೆದು ಮಾಡಿದ, ಬಳುಕುವ ಕೇಬಲ್ ಇರುತ್ತದೆ. ಅದು ಎಂಜಿನಿನ ತಿರುಗುವಿಕೆಯನ್ನು ನಡುವೆ ಯಾವ ಗೇರೂ ಇಲ್ಲದೆ ನೇರವಾಗಿ ತುದಿಯಲ್ಲಿ ದಾರವನ್ನು ಹಿಡಿದು ತಿರುಗುವ ಹೆಡ್ಡಿಗೆ ಮುಟ್ಟಿಸುತ್ತದೆ. ನೇರ ಶಾಫ್ಟಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಗಟ್ಟಿ ಉಕ್ಕಿನ ಸರಳು, ಅದರ ತುದಿಯಲ್ಲಿ ತಿರುಗುವ ದಿಕ್ಕನ್ನು ನೆಲದತ್ತ ಹೊರಳಿಸುವ ಒಂದು ಚಿಕ್ಕ ಗೇರ್ ಬಾಕ್ಸ್ ಇರುತ್ತದೆ. ಈ ಗೇರುಗಳಿಂದಾಗಿ ಹೆಡ್ಡು ಎಂಜಿನ್ನಿಗಿಂತ ಸ್ವಲ್ಪ ನಿಧಾನವಾಗಿ, ಆದರೆ ಹೆಚ್ಚು ಬಲದಿಂದ ತಿರುಗುತ್ತದೆ. ದಪ್ಪ ದಾರ ಹಾಕಿದಾಗ, ಒದ್ದೆ ಹುಲ್ಲಿನ ಮುದ್ದೆಯೊಳಗೆ ನುಗ್ಗಿಸಿದಾಗ ಯಂತ್ರ ಕುಸಿಯದೆ ನಿಲ್ಲುವುದು ಈ ಬಲದಿಂದ.

ಬ್ಲೇಡಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಲೋಹದ ಬ್ಲೇಡು ಗಟ್ಟಿ ಕಾಂಡಕ್ಕೆ ತಾಗಿ ಒಮ್ಮೆಲೇ ನಿಂತಾಗ ಆ ಹೊಡೆತವನ್ನು ತಾಳಿಕೊಳ್ಳುವ ಶಕ್ತಿ ಬಳುಕುವ ಕೇಬಲ್ಲಿಗೂ ಬಾಗಿದ ತೆಳು ಕೊಳವೆಗೂ ಇರುವುದಿಲ್ಲ. ಹಾಗಾಗಿ ತಯಾರಕರೇ ಅದಕ್ಕೆ ಬ್ಲೇಡು ಹಾಕಕೂಡದೆಂದು ಕೈಪಿಡಿಯಲ್ಲಿ ಬರೆದಿರುತ್ತಾರೆ. ‘ಮುಂದೆ ಬೇಕಾದರೆ ಬ್ಲೇಡು ಹಾಕಿಕೊಳ್ಳಬಹುದು’ ಎಂದು ಯಾರಾದರೂ ಹೇಳಿದರೂ ದಯವಿಟ್ಟು ಆ ಮಾತನ್ನು ನಂಬಬೇಡಿ.

ಈಗ ನಿಮ್ಮ ಜಾಗಕ್ಕೆ ಬರೋಣ. ಅಂಗಳದ ಅಂಚಿನಲ್ಲಿರುವುದು ಮೆತ್ತನೆಯ ಹುಲ್ಲು ಮಾತ್ರ. ಹಿತ್ತಿಲು ಮತ್ತು ಬರೆಯ ಮಾತು ಬೇರೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮಲ್ಲಿ ಎರಡು ತಿಂಗಳು ಬಿಟ್ಟರೆ ಬರೆಯ ಮೇಲೆ ಕಮ್ಯುನಿಸ್ಟ್ ಗಿಡ ಬೆರಳು ದಪ್ಪವಾಗಿ ನಿಲ್ಲುತ್ತದೆ, ನಾಚಿಕೆ ಮುಳ್ಳು ಬಲೆ ಹೆಣೆದುಕೊಳ್ಳುತ್ತದೆ. ಅದನ್ನು ತೆಳುವಾದ ದಾರದಿಂದ ಬಡಿಯುತ್ತ ಕುಳಿತರೆ ದಾರ ಸವೆಯುತ್ತದೆಯೇ ಹೊರತು ಗಿಡ ಬೀಳುವುದಿಲ್ಲ. ಮೂರು ಹಲ್ಲಿನ ಬ್ಲೇಡು ಹಾಕಿದ ನೇರ ಶಾಫ್ಟಿನ ಯಂತ್ರಕ್ಕೆ ಅದು ಕಷ್ಟದ ಕೆಲಸವಲ್ಲ.

ಕೆಲಸ ಮಾಡುವ ರೀತಿಯ ಬಗ್ಗೆಯೂ ಒಂದು ಮಾತು. ಗೇರ್ ಬಾಕ್ಸ್ ಇರುವ ಯಂತ್ರಗಳ ಬ್ಲೇಡು ಸಾಮಾನ್ಯವಾಗಿ ಮೇಲಿನಿಂದ ನೋಡಿದಾಗ ಅಪ್ರದಕ್ಷಿಣವಾಗಿ ತಿರುಗುತ್ತದೆ. ಬ್ಲೇಡನ್ನು ಗಡಿಯಾರದ ಮುಖವೆಂದು, ನಿಮ್ಮ ಎದುರಿನ ತುದಿಯನ್ನು 12 ಎಂದು ಎಣಿಸಿದರೆ, 8ರಿಂದ 12ರವರೆಗಿನ ಎಡಭಾಗದಲ್ಲಿ ಕತ್ತರಿಸಬೇಕು. 12ರಿಂದ 3ರವರೆಗಿನ ಭಾಗ ಗಟ್ಟಿ ವಸ್ತುವಿಗೆ ತಾಗಿದರೆ ಇಡೀ ಯಂತ್ರ ರಭಸದಿಂದ ಪಕ್ಕಕ್ಕೆ ಎಗರುತ್ತದೆ. ಯಂತ್ರವನ್ನು ಬಲದಿಂದ ಎಡಕ್ಕೆ ಬೀಸುತ್ತ ಕತ್ತರಿಸಿ, ಹಿಂದಕ್ಕೆ ತರುವಾಗ ಸುಮ್ಮನೆ ತರಬೇಕು. ಆಗ ಕತ್ತರಿಸಿದ ಹುಲ್ಲು ಈಗಾಗಲೇ ಚೊಕ್ಕಟವಾದ ಎಡಬದಿಗೆ ಬೀಳುತ್ತದೆ. ಬರೆಯ ಮೇಲೆ ಕೆಲಸ ಮಾಡುವಾಗ ಅಡ್ಡಡ್ಡವಾಗಿ ಸಾಗಬೇಕು. ಶಾಫ್ಟ್ ಉದ್ದವಿದ್ದಷ್ಟೂ ಕಾಲಿಗೂ ತಿರುಗುವ ಹೆಡ್ಡಿಗೂ ನಡುವೆ ಅಂತರ ಹೆಚ್ಚು. ಮಳೆಯಲ್ಲಿ ಜಾರುವ ನೆಲದ ಮೇಲೆ ನಿಂತು ಕೆಲಸ ಮಾಡುವವರಿಗೆ ಈ ಅಂತರಕ್ಕಿಂತ ದೊಡ್ಡ ರಕ್ಷಣೆ ಬೇರೊಂದಿಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ನಿಮ್ಮ ಮನೆಗೆ ನೇರ ಶಾಫ್ಟಿನದೇ ಸರಿ.

ಉತ್ತರ: ಅಂಗಳದ ಗುಲಾಬಿ (ಮೈಸೂರು)

ಸುಳ್ಯದ ಅಣ್ಣನವರು ವಿವರಿಸಿದ ಯಂತ್ರದ ಒಳಗುಟ್ಟನ್ನು ಓದಿ ಸಂತೋಷವಾಯಿತು. ಆದರೆ ಅವರ ತೀರ್ಪು ತೋಟದ ದೃಷ್ಟಿಯದು. ಯಂತ್ರ ಹಿಡಿಯುವವರಲ್ಲಿ ಒಬ್ಬರು ಐದಡಿ ಎತ್ತರದವರು ಎಂಬುದನ್ನು ಅದು ಗಮನಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ. ನಾನೂ ಹೆಚ್ಚುಕಡಿಮೆ ಅಷ್ಟೇ ಎತ್ತರದವಳು. ಮೈಸೂರಿನಲ್ಲಿ ನಮ್ಮದು 60×40ರ ನಿವೇಶನ, ಮನೆ ಕಳೆದು ಉಳಿದ ಜಾಗದಲ್ಲಿ ಹುಲ್ಲುಹಾಸು ಮತ್ತು ಹೂವಿನ ಮಡಿಗಳಿವೆ. ಇಲ್ಲಿ ನಾನು ಬಳಸುವುದು ಬಾಗಿದ ಶಾಫ್ಟಿನ ಯಂತ್ರವನ್ನು, ಮತ್ತು ಅದನ್ನು ಆಟಿಕೆ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ.

ನೈಲಾನ್ ದಾರದಿಂದ ಹುಲ್ಲು ಕತ್ತರಿಸುವ ಉಪಾಯವೇ ಮನೆಯಂಗಳಕ್ಕಾಗಿ ಹುಟ್ಟಿದ್ದು. ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಲ್ಲಾಸ್ 1971ರಲ್ಲಿ, ಕಾರು ತೊಳೆಯುವಲ್ಲಿ ತಿರುಗುತ್ತಿದ್ದ ಬ್ರಷ್ಷುಗಳನ್ನು ನೋಡಿ, ತಗಡಿನ ಡಬ್ಬಿಗೆ ಮೀನು ಹಿಡಿಯುವ ದಾರ ಸಿಕ್ಕಿಸಿ ತಿರುಗಿಸಿದರು. ತಮ್ಮ ಮನೆಯ ಮರಗಳ ಬುಡದಲ್ಲಿ ಬೆಳೆಯುವ ಹುಲ್ಲನ್ನು ತೊಗಟೆ ಕೆಡದಂತೆ ತೆಗೆಯುವುದು ಅವರ ಉದ್ದೇಶವಾಗಿತ್ತು. ಇಂಥ ಸೂಕ್ಷ್ಮ ಕೆಲಸದಲ್ಲಿ ಬಾಗಿದ ಶಾಫ್ಟಿಗೆ ಇರುವ ಅನುಕೂಲ ದೊಡ್ಡದು. ಹೆಡ್ಡು ಕಾಲಿಗೆ ಹತ್ತಿರವಿರುವುದರಿಂದ ಅದರ ಭಾರ ತೋಳನ್ನು ಮುಂದಕ್ಕೆ ಜಗ್ಗುವುದಿಲ್ಲ, ಮಣಿಕಟ್ಟು ತಿರುವಿದರೆ ಸಾಕು, ಹೆಡ್ಡು ಬೇಕಾದ ಕಡೆಗೆ ಹೊರಳುತ್ತದೆ. ಹೂವಿನ ಮಡಿಯ ಅಂಚಿನಲ್ಲಿ, ಇಂಟರ್‌ಲಾಕಿನ ಸಂದಿನಲ್ಲಿ, ಕುಂಡಗಳ ನಡುವೆ ದಾರದ ತುದಿ ಎಲ್ಲಿ ತಾಗುತ್ತಿದೆ ಎಂಬುದು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ಎತ್ತರ ಕಡಿಮೆ ಇರುವವರು ಉದ್ದನೆಯ ನೇರ ಶಾಫ್ಟ್ ಹಿಡಿದರೆ ಹೆಡ್ಡನ್ನು ನೆಲಕ್ಕೆ ಸಮತಲವಾಗಿ ಇಡಲು ಹಿಂದಿನ ಕೈಯನ್ನು ಸದಾ ಮೇಲಕ್ಕೆ ಎತ್ತಿಯೇ ಹಿಡಿಯಬೇಕಾಗುತ್ತದೆ. ಸ್ವಲ್ಪ ಹೊತ್ತಿನಲ್ಲೇ ಭುಜ ನೋಯತೊಡಗುತ್ತದೆ.

ಅದರ ಮಿತಿಗಳನ್ನೂ ಹೇಳಬೇಕು. ಕೊಳವೆಯ ಬಾಗು ಅಡ್ಡ ಬರುವುದರಿಂದ ದಾಸವಾಳದ ತಗ್ಗು ಕೊಂಬೆಗಳ ಕೆಳಗೆ, ಕಲ್ಲುಬೆಂಚಿನ ಅಡಿಗೆ ಹೆಡ್ಡನ್ನು ತಳ್ಳಲಾಗುವುದಿಲ್ಲ. ನೇರ ಶಾಫ್ಟ್ ಅಲ್ಲಿಗೆ ಸಲೀಸಾಗಿ ಹೋಗುತ್ತದೆ. ಹೆಡ್ಡು ಹತ್ತಿರವಿರುವುದರಿಂದ ಹುಲ್ಲಿನ ಚೂರು, ಮಣ್ಣು, ಸಣ್ಣ ಕಲ್ಲು ಕಾಲಿಗೆ ಹೆಚ್ಚು ಸಿಡಿಯುತ್ತವೆ. ದಪ್ಪ ಪ್ಯಾಂಟು, ಮುಚ್ಚಿದ ಬೂಟು, ಕನ್ನಡಕ ಇಲ್ಲದೆ ನಾನು ಯಂತ್ರ ಚಾಲೂ ಮಾಡುವುದಿಲ್ಲ.

ಇನ್ನೊಂದು ಸಂಗತಿಯನ್ನು ಕೊಳ್ಳುವವರು ಅವಶ್ಯವಾಗಿ ಗಮನಿಸಬೇಕು. ವಿದ್ಯುತ್ತಿನಿಂದ ಅಥವಾ ಬ್ಯಾಟರಿಯಿಂದ ನಡೆಯುವ ಅನೇಕ ಚಿಕ್ಕ ಯಂತ್ರಗಳಲ್ಲಿ ಮೋಟರು ಕೆಳಗೆ, ಹೆಡ್ಡಿನ ಮೇಲೆಯೇ ಕೂತಿರುತ್ತದೆ. ಅವುಗಳ ಕೊಳವೆಯಲ್ಲಿ ಸಾಗುವುದು ತಂತಿ ಮಾತ್ರ. ಅಲ್ಲಿ ನೇರ, ಬಾಗು ಎಂಬ ಭೇದಕ್ಕೆ ಹಿಡಿಯುವ ಅನುಕೂಲದ ಹೊರತು ಬೇರೆ ಅರ್ಥವಿಲ್ಲ. ಅಣ್ಣನವರು ಹೇಳಿದ ಕೇಬಲ್ಲು, ಗೇರುಗಳ ಲೆಕ್ಕ ಅದಕ್ಕೆ ಅನ್ವಯಿಸುವುದಿಲ್ಲ. ತಂತಿ ಎಳೆದು ಬಳಸುವ ಯಂತ್ರವನ್ನು ಮಳೆಗಾಲದ ಒದ್ದೆ ಹುಲ್ಲಿನಲ್ಲಿ ಬಳಸಲೇಬಾರದು. ಒಣ ದಿನದಲ್ಲಿ ಬಳಸುವಾಗಲೂ ಆ ಪ್ಲಗ್ಗಿಗೆ ವಿದ್ಯುತ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ರಕ್ಷಣೆ ಇರಬೇಕು. ಪುತ್ತೂರಿನ ಮಳೆಯನ್ನು ನೆನೆದರೆ ನಿಮಗೆ ತಂತಿಯದು ಬೇಡವೆಂದೇ ಹೇಳುತ್ತೇನೆ.

ಉತ್ತರ: ಸ್ಪ್ಯಾನರ್ (ಶಿರಸಿ)

ಶಿರಸಿಯಲ್ಲಿ ಇಂಥ ಯಂತ್ರಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ಮೇಲಿನ ಇಬ್ಬರೂ ಬಳಸುವವರ ಕಡೆಯಿಂದ ಸರಿಯಾಗಿಯೇ ಬರೆದಿದ್ದಾರೆ. ಮೂರು ವರ್ಷ ಕಳೆದ ಮೇಲೆ ಯಂತ್ರ ನನ್ನ ಮೇಜಿನ ಮೇಲೆ ಬಂದಾಗ ಏನು ಕಾಣುತ್ತದೆ ಎಂಬುದನ್ನು ನಾನು ಹೇಳುತ್ತೇನೆ.

ಬಾಗಿದ ಶಾಫ್ಟಿನ ಯಂತ್ರದಲ್ಲಿ ಕೆಡುವುದು ಕೇಬಲ್ಲು. ಬಾಗಿನಲ್ಲಿ ಅದು ಸದಾ ಕೊಳವೆಯ ಒಳಗೋಡೆಗೆ ಉಜ್ಜುತ್ತಲೇ ತಿರುಗುತ್ತದೆ. ಅದಕ್ಕೆ ಗ್ರೀಸು ಒಣಗಿದರೆ ಶಾಖ ಹುಟ್ಟಿ ಎಳೆಗಳು ಒಂದೊಂದಾಗಿ ಕಡಿಯುತ್ತವೆ. ಮಳೆಗಾಲ ಮುಗಿದು ಮೂಲೆಗೆ ನಿಲ್ಲಿಸಿದಾಗ ಒಳಗೆ ಉಳಿದ ತೇವದಿಂದ ತುಕ್ಕು ಹಿಡಿಯುವುದೂ ಉಂಟು. ಕೇಬಲ್ಲನ್ನು ಹೊರಗೆಳೆದು ಒರೆಸಿ ಹೊಸ ಗ್ರೀಸು ಸವರಿ ಹಾಕುವುದು ಕಷ್ಟದ ಕೆಲಸವಲ್ಲ, ಆದರೆ ಮಾಡುವವರು ಅಪರೂಪ. ನೇರ ಶಾಫ್ಟಿನಲ್ಲಿ ಸರಳು ಬಹಳ ಕಾಲ ಬಾಳುತ್ತದೆ; ಅಲ್ಲಿ ಕೆಡುವುದು ಗ್ರೀಸು ಕಾಣದ ಗೇರ್ ಬಾಕ್ಸ್. ಅದರ ಪಕ್ಕದಲ್ಲಿ ಗ್ರೀಸು ತುಂಬಲೆಂದೇ ಒಂದು ಸ್ಕ್ರೂ ಇರುತ್ತದೆ. ಸುಮಾರು 20–25 ಗಂಟೆ ಓಡಿಸಿದ ಮೇಲೆ ಅದನ್ನು ಬಿಚ್ಚಿ ಲಿಥಿಯಂ ಗ್ರೀಸು ತುಂಬಿದರೆ ಗೇರುಗಳು ವರ್ಷಗಟ್ಟಲೆ ಉಳಿಯುತ್ತವೆ. ಕೆಲಸ ಮಾಡುವಾಗ ಗೇರ್ ಬಾಕ್ಸ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿದ್ದರೆ ಗ್ರೀಸು ಮುಗಿದಿದೆ ಎಂದು ತಿಳಿಯಬೇಕು.

ನಮ್ಮ ಜಿಲ್ಲೆಗಳಲ್ಲಿ ಅಡಿಕೆ ತೋಟದವರೆಲ್ಲ ಬಳಸುವುದು ನೇರ ಶಾಫ್ಟಿನ ಬ್ರಷ್ ಕಟ್ಟರುಗಳನ್ನು. ಆದ್ದರಿಂದ ಅದರ ಬೇರಿಂಗು, ಕ್ಲಚ್ಚು, ಹೆಡ್ಡು, ಗೇರ್ ಬಾಕ್ಸುಗಳೆಲ್ಲ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಸಿಗುತ್ತವೆ. ಕೊಳವೆಯ ದಪ್ಪ 26 ಮಿಲಿಮೀಟರೋ 28 ಮಿಲಿಮೀಟರೋ, ಸರಳಿನ ತುದಿಗೆ ಎಷ್ಟು ಹಲ್ಲು ಎಂಬುದನ್ನು ಬರೆದಿಟ್ಟುಕೊಂಡರೆ ಒಂದು ಕಂಪನಿಯ ಯಂತ್ರಕ್ಕೆ ಇನ್ನೊಂದರ ಗೇರ್ ಬಾಕ್ಸ್ ಕೂಡ ಬಹಳ ಸಲ ಹೊಂದುತ್ತದೆ. ಬಾಗಿದ ಶಾಫ್ಟಿನ ಕೇಬಲ್ಲು ಆಯಾ ಮಾದರಿಗೇ ಸೀಮಿತ. ತರಿಸಿಕೊಡುತ್ತೇನೆಂದು ಅಂಗಡಿಯವರು ಹೇಳುತ್ತಾರೆ, ಅದು ಬರುವಷ್ಟರಲ್ಲಿ ಹುಲ್ಲಿನ ಕಾಲವೇ ಮುಗಿದಿರುತ್ತದೆ. ಮನೆಬಳಕೆಗೆ ಕೊಳ್ಳುವವರು ಈ ಅಂಶವನ್ನು ಬೆಲೆಗಿಂತ ಮೊದಲು ವಿಚಾರಿಸಬೇಕೆಂಬುದು ನನ್ನ ಕಳಕಳಿಯ ಮಾತು.

ಎಂಜಿನ್ನಿನ ವಿಷಯವನ್ನು ಯಾರೂ ಎತ್ತಲಿಲ್ಲ. ಎರಡು ಸ್ಟ್ರೋಕಿನದಾದರೆ ಪೆಟ್ರೋಲಿಗೆ 2ಟಿ ಆಯಿಲ್ ಬೆರೆಸಬೇಕು. ಕೈಪಿಡಿಯಲ್ಲಿ 50:1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್, 25:1 ಎಂದಿದ್ದರೆ 40 ಮಿಲಿಲೀಟರ್. ಅಂದಾಜಿನ ಮೇಲೆ ಸುರಿಯಬಾರದು. ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ನಾಲ್ಕು ಸ್ಟ್ರೋಕಿನದಾದರೆ ಬರಿಯ ಪೆಟ್ರೋಲ್ ಸಾಕು, ಆಯಿಲ್ ಎಂಜಿನ್ನಿನ ಹೊಟ್ಟೆಯಲ್ಲಿ ಬೇರೆಯಾಗಿರುತ್ತದೆ. ಹೋಂಡಾದ 25 ಸಿಸಿ ಎಂಜಿನ್ನಿಗೆ 80 ಮಿಲಿಲೀಟರ್, 35.8 ಸಿಸಿಯದಕ್ಕೆ 100 ಮಿಲಿಲೀಟರ್ ಆಯಿಲ್ ಹಿಡಿಸುತ್ತದೆ. ಅಷ್ಟು ಚಿಕ್ಕ ಪ್ರಮಾಣ ಸ್ವಲ್ಪ ಇಳಿದರೂ ಅಪಾಯವಾದ್ದರಿಂದ ಪ್ರತಿ ಸಲ ಮುಚ್ಚಳ ತೆಗೆದು ನೋಡಲೇಬೇಕು. ಮನೆಯ ಸುತ್ತ ಬಳಸುವವರಿಗೆ ಹೊಗೆ ಮತ್ತು ಸದ್ದು ಕಡಿಮೆಯಿರುವ ನಾಲ್ಕು ಸ್ಟ್ರೋಕನ್ನೇ ನಾನು ಸೂಚಿಸುತ್ತೇನೆ.

ಕೊನೆಯದಾಗಿ ಪೆಟ್ರೋಲು. ಶೇ. 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ ಈಗ ಬಂಕುಗಳಲ್ಲೆಲ್ಲ ಅದೇ ಸಿಗುತ್ತಿದೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಬಿಟ್ಟರೆ ಕಾರ್ಬುರೇಟರಿನ ಡಯಾಫ್ರಾಮ್ ಗಡುಸಾಗುತ್ತದೆ, ರಬ್ಬರ್ ನಳಿಗೆಗಳು ಉಬ್ಬುತ್ತವೆ. ಯಾವ ಶಾಫ್ಟಿನ ಯಂತ್ರವೇ ಇರಲಿ, ಮಳೆಗಾಲ ಮುಗಿದ ಮೇಲೆ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಬೇಕು. ಕೈಪಿಡಿಯಲ್ಲಿ ಎಷ್ಟು ಎಥೆನಾಲಿನವರೆಗೆ ಒಪ್ಪಿಗೆಯಿದೆ ಎಂಬುದನ್ನು ಕೊಳ್ಳುವಾಗಲೇ ಓದಿ ನೋಡಿ.

ಮರುಪ್ರಶ್ನೆ: ಹಿತ್ತಿಲ ಹಸಿರು (ಪುತ್ತೂರು)

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಕೇಬಲ್ಲಿಗೂ ಸರಳಿಗೂ ಇರುವ ವ್ಯತ್ಯಾಸ ತಿಳಿದ ಮೇಲೆ ಅಂಗಡಿಯವರ ಮಾತೂ ನೆರೆಮನೆಯವರ ಮಾತೂ ಎಲ್ಲಿಂದ ಹೊರಟವು ಎಂಬುದು ಅರ್ಥವಾಯಿತು. ಬರೆ ಮತ್ತು ಹಿತ್ತಿಲಿನ ಕಾರಣದಿಂದ ಮನಸ್ಸು ನೇರ ಶಾಫ್ಟಿನ ಕಡೆಗೆ ವಾಲಿದೆ. ಎರಡು ಅನುಮಾನಗಳು ಉಳಿದಿವೆ. ಅಡಿಕೆ ಮರದ ಬುಡದಲ್ಲಿ, ಅದರಲ್ಲೂ ಮೆಣಸಿನ ಬಳ್ಳಿ ಇರುವಲ್ಲಿ, ಹೆಚ್ಚು ಬಲದ ಯಂತ್ರ ಬಳಸಿದರೆ ಗಿಡಕ್ಕೆ ಪೆಟ್ಟಾಗುವುದಿಲ್ಲವೇ? ಮತ್ತು ನನ್ನ ಪತ್ನಿ ಅದೇ ಯಂತ್ರವನ್ನು ಹಿಡಿಯಲು ಯಾವ ಮಾರ್ಗವಿದೆ?

ಉತ್ತರ: ಕಾಳುಮೆಣಸು (ತೀರ್ಥಹಳ್ಳಿ)

ಮೊದಲನೆಯ ಅನುಮಾನಕ್ಕೆ ನಾನು ಉತ್ತರಿಸುತ್ತೇನೆ, ಏಕೆಂದರೆ ತೋಟಗಳಲ್ಲಿ ಈ ಯಂತ್ರದಿಂದ ಆಗುತ್ತಿರುವ ಹಾನಿಯನ್ನು ನೋಡಿ ನನಗೆ ಬಹಳ ಬೇಸರವಾಗಿದೆ. ಗಿಡದ ಬುಡಕ್ಕೆ ಆಗುವ ಪೆಟ್ಟಿನಲ್ಲಿ ಶಾಫ್ಟ್ ನೇರವೋ ಬಾಗಿದ್ದೋ ಎಂಬುದು ಮುಖ್ಯವಲ್ಲ. ನಿಮಿಷಕ್ಕೆ 6,000ಕ್ಕೂ ಹೆಚ್ಚು ಸುತ್ತು ತಿರುಗುವ ದಾರ ಯಾವ ಯಂತ್ರದ್ದಾದರೂ ಎಳೆಯ ತೊಗಟೆಯನ್ನು ಕ್ಷಣಮಾತ್ರದಲ್ಲಿ ಸುಲಿಯುತ್ತದೆ. ಮಾವು, ಹಲಸು, ಜಾಯಿಕಾಯಿಯಂಥ ಗಿಡಗಳ ತೊಗಟೆ ಸುತ್ತಲೂ ಹೋದರೆ ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿಯೇ ಕಡಿದುಹೋಗಿ ಗಿಡ ನಿಧಾನವಾಗಿ ಸಾಯುತ್ತದೆ. ಅಡಿಕೆ ಮತ್ತು ತೆಂಗಿನದು ಇನ್ನೊಂದು ಬಗೆ. ತಾಳೆಯ ಜಾತಿಯ ಈ ಮರಗಳಿಗೆ ಗಾಯವನ್ನು ಹೊಸ ಅಂಗಾಂಶದಿಂದ ಮುಚ್ಚಿಕೊಳ್ಳುವ ಶಕ್ತಿಯಿಲ್ಲ. ಕಾಂಡದ ಮೇಲೆ ಇಂದು ಆದ ಗಾಯ ಮರ ಇರುವಷ್ಟು ಕಾಲವೂ ಹಾಗೆಯೇ ಉಳಿದು ಕೊಳೆಗೆ, ಕೀಟಕ್ಕೆ ಬಾಗಿಲಾಗುತ್ತದೆ.

ಮೆಣಸಿನ ಬಳ್ಳಿಯ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಬುಡದ ಬಳ್ಳಿ ತುಂಡಾದರೆ ಮೇಲಿನದೆಲ್ಲ ಒಣಗುವುದು ಸರಿಯೇ. ತುಂಡಾಗದೆ ಬರಿಯ ಗಾಯವಾದರೂ ಮಳೆಗಾಲದಲ್ಲಿ ಶಿಲೀಂಧ್ರದಂಥ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಸೊರಗು ರೋಗಕ್ಕೆ ಅದು ಅವಕಾಶ ಮಾಡಿಕೊಡುತ್ತದೆ. ಆದ್ದರಿಂದ ಪ್ರತಿ ಬುಡದ ಸುತ್ತ ಎರಡು ಅಡಿಯಷ್ಟು ಜಾಗವನ್ನು ಯಂತ್ರಕ್ಕೆ ಬಿಡಲೇಬೇಡಿ. ಅಲ್ಲಿನ ಹುಲ್ಲನ್ನು ಕೈಯಿಂದ ಕಿತ್ತು, ಒಣ ಸೋಗೆ ಅಥವಾ ದರಕು (ಒಣಗಿದ ಎಲೆ) ಹೊದಿಸಿ. ಉಳಿದ ಕಡೆಯೂ ನೆಲ ಕಾಣುವಂತೆ ಬೋಳಿಸಬಾರದು. ಮೂರು ನಾಲ್ಕು ಬೆರಳಷ್ಟು ಹುಲ್ಲು ಉಳಿದರೆ ಮಳೆಹನಿಗೆ ಮಣ್ಣು ಸಿಡಿದು ಬಳ್ಳಿಯ ತಗ್ಗಿನ ಎಲೆಗಳಿಗೆ ಮೆತ್ತುವುದು ತಪ್ಪುತ್ತದೆ. ರೋಗ ನೆಲದಿಂದ ಎಲೆಗೆ ಏರುವ ಮುಖ್ಯ ದಾರಿ ಆ ಸಿಡಿತವೇ. ಬರೆಯ ಮೇಲಂತೂ ಹುಲ್ಲಿನ ಬೇರು ಮಣ್ಣನ್ನು ಹಿಡಿದಿಟ್ಟಿರುತ್ತದೆಯಾದ್ದರಿಂದ ಬುಡಮಟ್ಟ ಕತ್ತರಿಸುವುದು ಅಪಾಯಕರ.

ಹನಿ ನೀರಾವರಿಯ ಪೈಪುಗಳಿದ್ದರೆ ಅವನ್ನೂ ಮೊದಲೇ ಎತ್ತಿ ಮರಕ್ಕೆ ಸಿಕ್ಕಿಸಿಟ್ಟುಕೊಳ್ಳಿ.

ಉತ್ತರ: ತೋಟದ ದಾರಿ (ಸುಳ್ಯ)

ತೀರ್ಥಹಳ್ಳಿಯವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಚಿರೆಕಲ್ಲಿನ ಕಾಂಪೌಂಡಿನ ಬಗ್ಗೆ ಒಂದು ಸೇರಿಕೆ: ಚಿರೆಕಲ್ಲು ಒರಟಾದ್ದರಿಂದ ದಾರವನ್ನು ಬಹಳ ಬೇಗ ತಿಂದುಹಾಕುತ್ತದೆ. ಗೋಡೆಯ ಬುಡದಲ್ಲಿ ಎಂಜಿನ್ನಿನ ವೇಗ ಇಳಿಸಿ, ದಾರದ ತುದಿ ಮಾತ್ರ ತಾಗುವಂತೆ ಸಾಗಬೇಕು. ಅಲ್ಲಿ ಬ್ಲೇಡನ್ನು ಎಂದೂ ಬಳಸಬಾರದು. ನೇರ ಶಾಫ್ಟಿನ ಯಂತ್ರಕ್ಕೆ 2.4ರಿಂದ 3 ಮಿಲಿಮೀಟರ್ ದಪ್ಪದ ದಾರ ಹಾಕುವುದು ವಾಡಿಕೆ. ನೈಲಾನ್ ನೀರನ್ನು ಹೀರಿ ಮೆದುವಾಗುವ ವಸ್ತು; ಹಳೆಯ, ಒಣಗಿದ ದಾರವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿಟ್ಟರೆ ಅದು ಪಟಪಟನೆ ತುಂಡಾಗುವುದು ಕಡಿಮೆಯಾಗುತ್ತದೆ. ಬ್ಲೇಡು ಹಾಕುವಾಗ ದಾರದ ಗಾರ್ಡನ್ನು ತೆಗೆದು ಬ್ಲೇಡಿನ ಗಾರ್ಡನ್ನು ಕೂರಿಸಬೇಕು, ಮತ್ತು ಆ ನಟ್ಟು ಎಡತಿರುಪಿನದು, ಅಂದರೆ ಪ್ರದಕ್ಷಿಣವಾಗಿ ತಿರುಗಿಸಿದರೆ ಬಿಚ್ಚುತ್ತದೆ. ಕೆಲಸ ಮಾಡುವಾಗ 15 ಮೀಟರಿನೊಳಗೆ ಮಕ್ಕಳಾಗಲಿ ದನಕರುಗಳಾಗಲಿ ಇರಬಾರದೆಂಬ ನಿಯಮವನ್ನು ಮನೆಯವರೆಲ್ಲರಿಗೂ ತಿಳಿಸಿಡಿ.

ಉತ್ತರ: ಅಂಗಳದ ಗುಲಾಬಿ (ಮೈಸೂರು)

ಎರಡನೆಯ ಅನುಮಾನಕ್ಕೆ ನನ್ನ ಸಲಹೆ ಇದು. ನೇರ ಶಾಫ್ಟಿನದೇ ಬೇಕೆಂದಾದರೆ 35 ಸಿಸಿಯದಕ್ಕೆ ಹೋಗದೆ 25 ಸಿಸಿಯ ಹಗುರ ಮಾದರಿಯನ್ನು ನೋಡಿ. 35 ಸೆಂಟ್ಸ್ ಜಾಗಕ್ಕೆ ಅದರ ಬಲ ಧಾರಾಳವಾಗಿ ಸಾಕು. ಅಂಗಡಿಗೆ ನಿಮ್ಮ ಪತ್ನಿಯವರನ್ನೂ ಕರೆದುಕೊಂಡು ಹೋಗಿ, ಎಂಜಿನ್ ಚಾಲೂ ಮಾಡದೆ, ಟ್ಯಾಂಕ್ ತುಂಬಿದ ಯಂತ್ರವನ್ನು ಅವರ ಹೆಗಲಿಗೆ ಬೆಲ್ಟಿನಿಂದ ತೂಗುಹಾಕಿ ನೋಡಬೇಕು. ಬೆಲ್ಟಿನ ಕೊಕ್ಕೆ ಸಿಕ್ಕಿಸುವ ಬಳೆಯನ್ನು ಕೊಳವೆಯ ಮೇಲೆ ಹಿಂದೆ ಮುಂದೆ ಸರಿಸಲು ಬರುತ್ತದೆ. ಕೈ ಬಿಟ್ಟಾಗಲೂ ಹೆಡ್ಡು ನೆಲಕ್ಕೆ ಸ್ವಲ್ಪ ಮೇಲೆ, ಸಮತಲವಾಗಿ ನಿಲ್ಲುವ ಜಾಗವನ್ನು ಹುಡುಕಿ ಅಲ್ಲಿ ಬಿಗಿಯಬೇಕು. ಇಬ್ಬರ ಎತ್ತರಕ್ಕೂ ಆ ಜಾಗ ಬೇರೆ ಬೇರೆಯಾಗಿರುವುದರಿಂದ ಕೊಳವೆಯ ಮೇಲೆ ಎರಡು ಗುರುತು ಹಾಕಿಸಿಕೊಳ್ಳಿ. ಸೈಕಲ್ಲಿನ ಹ್ಯಾಂಡಲಿನಂಥ ಅಗಲ ಹಿಡಿಕೆ ಬಯಲಿಗೆ, ಬರೆಗೆ ಒಳ್ಳೆಯದು; ಗಿಡಗಳ ನಡುವೆ ನುಸುಳಲು ಬಳೆಯಾಕಾರದ ಹಿಡಿಕೆಯೇ ಮೇಲು. ಬಳೆಹಿಡಿಕೆಯ ಯಂತ್ರಕ್ಕೆ ಬ್ಲೇಡು ಹಾಕುವುದಾದರೆ, ಯಂತ್ರ ಕಾಲಿನತ್ತ ಸರಿಯದಂತೆ ತಡೆಯುವ ಅಡ್ಡಪಟ್ಟಿ ಅದರಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಬೆನ್ನಿಗೆ ಹೊರುವ ಬ್ಯಾಕ್ ಪ್ಯಾಕ್ ಮಾದರಿಯನ್ನೂ ಅವರು ತೋರಿಸಬಹುದು. ಅದರಲ್ಲಿ ಎಂಜಿನ್ ಬೆನ್ನ ಮೇಲಿದ್ದು, ಕೈಯಲ್ಲಿರುವ ನೇರ ಕೊಳವೆಗೆ ಬಳುಕುವ ಕೇಬಲ್ಲಿನ ಮೂಲಕ ಬಲ ಬರುತ್ತದೆ. ಇಳಿಜಾರಿನ ದೊಡ್ಡ ತೋಟಗಳಿಗೆ ಅದು ಅನುಕೂಲ, ಆದರೆ ಎಂಜಿನ್ನಿನ ಶಾಖ, ಸದ್ದು ಎರಡೂ ಮೈಗೆ ಹತ್ತಿರ. ಮನೆಯ ಹಿತ್ತಿಲಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಉತ್ತರ: ಸ್ಪ್ಯಾನರ್ (ಶಿರಸಿ)

25 ಸಿಸಿ, ನೇರ ಶಾಫ್ಟ್ ಎಂಬ ಮೈಸೂರಿನ ಅಕ್ಕನವರ ಸಲಹೆ ನನಗೂ ಸರಿಯೆನಿಸುತ್ತದೆ. ಅದಕ್ಕೆ 80 ಹಲ್ಲಿನ ಬ್ಲೇಡು ಹಾಕಿ ಗಿಡ ಕೊಯ್ಯಲು ಮಾತ್ರ ಹೋಗಬೇಡಿ. ಕಮ್ಯುನಿಸ್ಟ್ ಗಿಡಕ್ಕೆ ಮೂರು ಹಲ್ಲಿನದು ಸಾಕು, ಅದೂ ಕೈಪಿಡಿಯಲ್ಲಿ ಹೇಳಿದ ಅಳತೆಯದಾಗಿರಲಿ.

ನಿಮ್ಮ ಜಾಗಕ್ಕೆ ಪಹಣಿ ಇದ್ದರೆ ಯಂತ್ರ ಕೊಳ್ಳುವ ಮೊದಲೇ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಕೃಷಿ ಯಾಂತ್ರೀಕರಣ ಉಪ ಅಭಿಯಾನದ ಕೇಂದ್ರ ಮಾರ್ಗಸೂಚಿಯಲ್ಲಿ ಸಣ್ಣ, ಅತಿಸಣ್ಣ, ಮಹಿಳಾ ಹಾಗೂ ಪರಿಶಿಷ್ಟ ಜಾತಿ–ಪಂಗಡಗಳ ರೈತರಿಗೆ ಶೇ. 50, ಉಳಿದವರಿಗೆ ಶೇ. 40ರಷ್ಟು ಸಹಾಯಧನವನ್ನು ನಿಗದಿತ ಮಿತಿಯೊಳಗೆ ನೀಡಲು ಅವಕಾಶವಿದೆ. ಅರ್ಜಿ ಕೊಡದೆ ಮೊದಲೇ ಬಿಲ್ ಮಾಡಿಸಿದವರಿಗೆ ಅದು ದೊರೆಯುವುದಿಲ್ಲ. ಸಹಾಯಧನದ ಪಟ್ಟಿಯಲ್ಲಿರುವ ಮಾದರಿಗಳಲ್ಲಿ ನಿಮಗೆ ಹೊಂದುವ ತೂಕದ್ದು ಇದೆಯೇ ಎಂಬುದನ್ನೂ ಅಲ್ಲಿಯೇ ನೋಡಿಕೊಳ್ಳಿ.